ಕನ್ಯಾಕುಮಾರಿಗೆ ಎರಡು ಸೀಟು

೧೫ ಜನವರಿ ೧೯೯೬, ಸೋಮವಾರ. ಸಂಜೆ

ಚಕ್ಕುಲಿ ನೂರಾ ಹತ್ತು. ಕೋಡುಬಳೆ ಎಣಿಸಲಿಲ್ಲ. ಇವರು ಬಾಣಲೆ ಪಕ್ಕದಲ್ಲೇ ನಿಂತಿದ್ದರು, ಎಣಿಸಿ ಉಪಯೋಗವಿಲ್ಲ. ಎರಡು ಡಬ್ಬ ತುಂಬಿ ಅಟ್ಟದ ಮೇಲಿಟ್ಟೆ. ಶನಿವಾರದವರೆಗೆ ಯಾರೂ ಮುಟ್ಟಕೂಡದು.

ಹಬ್ಬ ಮುಗಿಯಿತು. ಹನ್ನೊಂದು ಮನೆಗೆ ಎಳ್ಳು ಬೀರಿ ಬಂದೆ. ಎಳ್ಳಿನ ಜೊತೆ ಪ್ರವಾಸದ ಸುದ್ದಿಯನ್ನೂ ಬೀರಿದ್ದಾಯಿತು. ಮಧುರೆ, ರಾಮೇಶ್ವರ, ಕನ್ಯಾಕುಮಾರಿ. ಎಂಟು ದಿನ. ಅಡುಗೆಯವರು ಬಸ್ಸಿನಲ್ಲೇ ಬರುತ್ತಾರೆ. ಹದಿಮೂರು, ಹದಿನಾಲ್ಕನೇ ಸೀಟು. ಕಿಟಕಿ ನನಗೆ — ಬುಕ್ ಮಾಡಿದ ದಿನವೇ ತೀರ್ಮಾನ ಆಗಿದೆ.

ಅರವತ್ತೆರಡು ವರ್ಷ. ಸಮುದ್ರ ನೋಡಿಲ್ಲ. ಮಿಡ್ಲ್ ಸ್ಕೂಲಿನಲ್ಲಿ ಭೂಗೋಳಕ್ಕೆ ನಾನೇ ಫಸ್ಟು. ಭಾರತದ ಸುತ್ತ ನೀಲಿ ಪೆನ್ಸಿಲ್ ಬಳಿದರೆ ಒಂದು ಚೂರೂ ಗೆರೆ ದಾಟುತ್ತಿರಲಿಲ್ಲ. ಮದುವೆಯಾದ ವರ್ಷ ಇವರಿಗೆ ಹೇಳಿದೆ, ಸಮುದ್ರ ತೋರಿಸಿ ಅಂತ. ಬೇಸಿಗೆ ರಜಕ್ಕೆ ಹೋಗೋಣ ಅಂದರು. ಒಂದು ಬೇಸಿಗೆ ಬಾಣಂತನ, ಒಂದು ಬೇಸಿಗೆ ನಾದಿನಿ ಮದುವೆ, ಒಂದು ಬೇಸಿಗೆ ಪೇಪರ್ ವ್ಯಾಲ್ಯುಯೇಷನ್... ಹೆಡ್‌ಮಾಸ್ಟರಾಗಿ ರಿಟೈರೂ ಆದರು. ನಲವತ್ನಾಲ್ಕು ಬೇಸಿಗೆ. ಇರಲಿ. ಶನಿವಾರ ಬೆಳಿಗ್ಗೆ ಐದಕ್ಕೆ ಚಾಮರಾಜಪೇಟೆಯಲ್ಲಿ ಬಸ್ಸು.

೧೬, ಮಂಗಳವಾರ

ಮಗ ಮಧುಸೂದನ ಬ್ಯಾಂಕಿನಿಂದ ಬರುತ್ತಾ ಹೊಸ ಫ್ಲಾಸ್ಕ್ ತಂದ. ಸೊಸೆ ಪ್ರಿಯಂವದಾ ತನ್ನ ಸ್ಕೂಲಿನಿಂದ ಒಂದು ಭೂಪಟ ತಂದು ಗೋಡೆಗೆ ಹಚ್ಚಿದಳು. ಎಲ್ಲೆಲ್ಲಿ ಯಾವ ದಿನ ಅಂತ ಕೆಂಪು ಚುಕ್ಕೆ ಇಟ್ಟಿದ್ದಾಳೆ. ಟೀಚರ್ ಬುದ್ಧಿ. ನನಗೆ ಬಹಳ ಹಿಡಿಸಿತು.

ಇವರು ಸಂಜೆ ಗಾಂಧಿ ಬಜಾರಿನಿಂದ ಬಂದವರು ಸಂಧ್ಯಾವಂದನೆಗೆ ಕೂರಲಿಲ್ಲ. ಹೊಟ್ಟೆ ಸರಿ ಇಲ್ಲವಂತೆ. ಊಟಕ್ಕೆ ಮೂರು ಚಪಾತಿ, ಮೇಲೆ ಮೊಸರನ್ನ. ಹೊಟ್ಟೆ ಯಾವ ಕಡೆಯಿಂದ ಸರಿ ಇಲ್ಲವೋ ನನಗೆ ತಿಳಿಯಲಿಲ್ಲ.

೧೭, ಬುಧವಾರ. ಮಧ್ಯಾಹ್ನ

ಬರೆಯಲೋ ಬೇಡವೋ... ಬರೆಯುತ್ತೇನೆ. ಈ ಡೈರಿ ಯಾರೂ ಓದುವುದಿಲ್ಲ.

ಹತ್ತೂವರೆಗೆ ಫೋನು. ಮನೆಯಲ್ಲಿ ನಾನೊಬ್ಬಳೇ. ಶಿಡ್ಲಘಟ್ಟದ ಗಂಗಾಧರಯ್ಯನವರು ನಿನ್ನೆ ಬೆಳಿಗ್ಗೆ ತೀರಿಕೊಂಡರಂತೆ. ಫೋನ್ ಮಾಡಿದ್ದು ಅವರ ಮಗ. ನಮ್ಮ ಮಾವನವರಿಗೆ ದೊಡ್ಡಪ್ಪನ ಮಗ ಆಗಬೇಕು. ತೊಂಬತ್ತೊಂದು ವರ್ಷ, ನಿದ್ದೆಯಲ್ಲೇ ಹೋದರು. ಪುಣ್ಯವಂತರು. ನಾನು ಅವರನ್ನು ಸರಿಯಾಗಿ ನೋಡಿದ್ದು ಒಂದೇ ಸಲ, ನನ್ನ ಮದುವೆಯಲ್ಲಿ. ಹೋಳಿಗೆಗೆ ತುಪ್ಪ ಸಾಲದು ಅಂತ ಪಂಕ್ತಿಯಲ್ಲಿ ಜಗಳ ಮಾಡುತ್ತಿದ್ದರು.

ದಾಯಾದಿ. ಹತ್ತು ದಿನ ಸೂತಕ. ದೇವರ ದೀಪ ಹಚ್ಚುವಂತಿಲ್ಲ, ದೇವಸ್ಥಾನದ ಮೆಟ್ಟಿಲು ಹತ್ತುವಂತಿಲ್ಲ, ಇನ್ನೊಬ್ಬರ ಮನೆಗೆ ಹೋಗುವಂತಿಲ್ಲ. ರಾಮೇಶ್ವರದ ಬಸ್ಸಂತೂ ಕೇಳಲೇಬೇಡ.

ಆದರೆ ನಮ್ಮಲ್ಲಿ ಒಂದು ಕಿಂಡಿ ಇದೆ. ಸೂತಕ ಹತ್ತುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಹತ್ತು ದಿನ ಕಳೆದು ಬಿದ್ದರೆ ಮೂರೇ ದಿನ. ಅದಕ್ಕೇ ಮದುವೆ ಮನೆಗೆ ಇಂಥ ಸುದ್ದಿ ಯಾರೂ ತರುವುದಿಲ್ಲ. ಗೇಟಿನವರೆಗೆ ಬಂದು ಮಳೆ ಬೆಳೆ ವಿಚಾರಿಸಿ ಹೋಗುತ್ತಾರೆ. ಈಗ ಸುದ್ದಿ ಬಿದ್ದಿರುವುದು ನನ್ನ ಕಿವಿಗೆ. ಇವರ ಕಿವಿಗೆ ಬಿದ್ದಿಲ್ಲ.

ಇವರು ದೇವಸ್ಥಾನದ ಒಳಗೆ ಹೋಗಲಿ. ನಾನು ಮಂಡಿನೋವು ಅಂತ ಹೊರಗೇ ಕೂರುತ್ತೇನೆ. ನನಗೆ ಬೇಕಾದದ್ದು ಸಮುದ್ರ ಒಂದೇ. ಸಮುದ್ರಕ್ಕೆ ಸೂತಕ ಇಲ್ಲ.

"ಅವರಿಗೆ ನಾನೇ ಹೇಳ್ತೀನಪ್ಪ" ಅಂದೆ ಫೋನಿನಲ್ಲಿ. ಯಾವತ್ತು ಅಂತ ಹೇಳಲಿಲ್ಲ. ತಪ್ಪು ಅಂತ ಗೊತ್ತು. ಮಧ್ಯಾಹ್ನ ಇವರಿಗೆ ಎದುರಿಗೆ ನಿಂತು ಊಟ ಬಡಿಸಿದೆ. ಆದರೂ ಹೇಳಲಿಲ್ಲ.

೧೮, ಗುರುವಾರ

ಬೆಳಿಗ್ಗೆ ಎದ್ದ ಕೂಡಲೇ ಮಂಡಿನೋವು ಶುರು ಮಾಡಿದೆ. ದಿನಾ ದೀಪ, ಹೂವು, ನೈವೇದ್ಯ ನನ್ನದು, ಪೂಜೆ ಇವರದು.

"ಏನೂಂದ್ರೆ, ಇವತ್ತು ದೀಪಾನೂ ನೀವೇ ಹಚ್ಬಿಡಿ. ಮಂಡಿ ಮಡಚೋಕಾಗ್ತಿಲ್ಲ."

"ನಂಗೂ ಸೊಂಟ ಹಿಡ್ಕೊಂಡಿದೆ ಕಣೇ. ಕೂರೋಕೇ ಆಗ್ತಿಲ್ಲ. ನೀನೇ ನಿಂತ್ಕೊಂಡು ಎರಡು ಹೂವು ಹಾಕ್ಬಿಡು."

ದೇವರ ಮನೆ ಬಾಗಿಲಲ್ಲಿ ಇಬ್ಬರೂ ನೀವು ನೀನು ಅಂತ ಕಾಲು ಗಂಟೆ ನಿಂತೆವು. ಕೊನೆಗೆ ಪ್ರಿಯಂವದಾ ಸ್ಕೂಲಿಗೆ ಹೊರಟವಳು ಚಪ್ಪಲಿ ಬಿಟ್ಟು ಬಂದು ದೀಪ ಹಚ್ಚಿದಳು. ಅವಳಿಗೆ ಏನೂ ಗೊತ್ತಿಲ್ಲ, ಹಾಗಾಗಿ ದೋಷವಿಲ್ಲ. "ಇಬ್ಬರಿಗೂ ಒಟ್ಟೊಟ್ಟಿಗೆ ನೋವು ಬಂದಿದ್ಯಲ್ಲ, ಎಂಟು ದಿನ ಬಸ್ಸಲ್ಲಿ ಹೇಗೆ ಕೂರ್ತೀರತ್ತೆ?" ಅಂತ ಕೇಳಿ ಹೋದಳು.

ಆಮೇಲೆ ನೋಡಿದರೆ ಇವರು ಸ್ಟೂಲ್ ಹತ್ತಿ ಅಟ್ಟದಿಂದ ದೊಡ್ಡ ಸೂಟ್‌ಕೇಸ್ ಒಬ್ಬರೇ ಇಳಿಸುತ್ತಿದ್ದಾರೆ. ಸೊಂಟಕ್ಕೆ ಅದು ಗೊತ್ತಾಗಲಿಲ್ಲವೋ ಏನೋ.

ಫೋನು ಬಡಿದರೆ ನಾನು ಓಡುತ್ತೇನೆ. ವಿಚಿತ್ರ ಅಂದರೆ ಇವರೂ ಓಡುತ್ತಾರೆ. ಎರಡನೇ ಸಲ ತಲೆಗೆ ತಲೆ ಡಿಕ್ಕಿ ಹೊಡೆದು ಇವರ ಕನ್ನಡಕ ಬಿತ್ತು. ರಾಂಗ್ ನಂಬರು.

೧೯, ಶುಕ್ರವಾರ. ಬೆಳಿಗ್ಗೆ ಹತ್ತು

ಮುಗಿಯಿತು.

ಈ ಮನೆಯಿಂದ ದೂರ ಪ್ರಯಾಣ ಹೊರಡುವವರು ದೇವರ ಮುಂದೆ ಕಾಯಿ ಒಡೆದೇ ಹೊರಡಬೇಕು. ಹೊರಡುವವರೇ ಒಡೆಯಬೇಕು, ಬೇರೆಯವರು ಒಡೆದರೆ ನಡೆಯುವುದಿಲ್ಲ. ನಾಳೆ ಐದಕ್ಕೇ ಬಸ್ಸು, ಅದಕ್ಕೆ ಇವತ್ತೇ ಕಾಯನ್ನು ಇವರ ಮುಂದಿಟ್ಟೆ. ಇವರು ನನ್ನ ಮುಂದಕ್ಕೆ ತಳ್ಳಿದರು. ನಾನು ಮತ್ತೆ ಇವರ ಮುಂದಕ್ಕೆ. ಮಧು ಶೇವಿಂಗ್ ಸೋಪು ಹಚ್ಚಿಕೊಂಡೇ ಬಂದು ನಿಂತ. "ಏನಿದು, ಇಬ್ಬರೂ ಕಾಯಿ ಜೊತೆ ಆಟ ಆಡ್ತಿದೀರಾ?"

ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು. ನಲವತ್ನಾಲ್ಕು ವರ್ಷ ಆಗಿದೆ, ಅಷ್ಟು ಸಾಕು.

"ನಿಂಗೂ ಗೊತ್ತಾ?" ಅಂದರು.

"ನಿಮಗ್ಯಾರು ಹೇಳಿದ್ದು?"

ಮಂಗಳವಾರ ಸಂಜೆಯೇ ಗೊತ್ತಂತೆ. ಗಾಂಧಿ ಬಜಾರಿನಲ್ಲಿ ಶಿಡ್ಲಘಟ್ಟದ ಕಡೆಯ ನೆಂಟರೊಬ್ಬರು ಸಿಕ್ಕಿ ಹೇಳಿದರಂತೆ. ಮನೆಗೆ ಬರಬೇಡಿ, ಇವಳ ಕಿವಿಗೆ ಹಾಕಬೇಡಿ ಅಂತ ಇವರೇ ಕೈಮುಗಿದು ಕಳಿಸಿದ್ದಾರೆ. ನಾನು ದೇವಸ್ಥಾನದ ಒಳಗೆ ಹೋಗಿಬರಲಿ, ತಾವು ಸೊಂಟನೋವು ಅಂತ ಹೊರಗೆ ಕೂರುವುದು ಅಂತ ಲೆಕ್ಕ.

ಅಂದರೆ ರಾಮೇಶ್ವರದವರೆಗೂ ಹೋಗಿ, ದೇವಸ್ಥಾನದ ಹೊರಗಿನ ಕಟ್ಟೆಯ ಮೇಲೆ, ಒಬ್ಬರು ಮಂಡಿ ಹಿಡಿದುಕೊಂಡು ಒಬ್ಬರು ಸೊಂಟ ಹಿಡಿದುಕೊಂಡು, ಚಪ್ಪಲಿ ಕಾಯುತ್ತಾ ಕೂರುತ್ತಿದ್ದೆವು. ಮಧು ಸೋಪು ಹಚ್ಚಿದ ಮುಖದಲ್ಲೇ ನೆಲಕ್ಕೆ ಕೂತು ನಕ್ಕ. ಸತ್ತವರ ಮನೆ ಸೂತಕ ಅಂತ ನೆನಪಾಗಿ ನಿಲ್ಲಿಸಲು ನೋಡಿದೆವು, ಆಗಲಿಲ್ಲ. ನಾನಂತೂ ನಕ್ಕೂ ನಕ್ಕೂ ಅತ್ತೆ.

ಈಗ ಇಬ್ಬರಿಗೂ ಗೊತ್ತು. ಇಬ್ಬರಿಗೂ ಗೊತ್ತಿದೆ ಅಂತ ಇಬ್ಬರಿಗೂ ಗೊತ್ತು. ಯಾವ ಕಿಂಡಿಯೂ ಉಳಿದಿಲ್ಲ. ಬಸ್ಸಿನಲ್ಲಿ ನಲವತ್ತು ಜನ ಯಾತ್ರೆಯ ಸಂಕಲ್ಪ ಮಾಡಿ ಬಂದಿರುತ್ತಾರೆ, ತಿಳಿದೂ ತಿಳಿದೂ ಅವರ ಪಂಕ್ತಿಯಲ್ಲಿ ಹೇಗೆ ಕೂರುವುದು? ನಾವು ಹೋಗುವುದಿಲ್ಲ.

ಅದೇ ದಿನ, ಸಂಜೆ ಏಳು

ಇವರು ಟೂರಿನ ಸಿದ್ದಬಸಪ್ಪನವರಿಗೆ ಫೋನ್ ಮಾಡಿದರು. "ನಾಳೆ ಬಸ್ಸು ಮೇಷ್ಟ್ರೇ, ದುಡ್ಡು ವಾಪಸ್ ಮಾಡೋಕಾಗಲ್ಲ. ಆದ್ರೆ ಸೀಟು ನಿಮ್ದೇ. ಯಾರ್ನಾದ್ರೂ ಕಳ್ಸಿ, ಖಾಲಿ ಹೋಗ್ಬಾರ್ದು. ಸಂಜೆ ಆರರೊಳಗೆ ಹೇಳ್ಬಿಡಿ" ಅಂದರಂತೆ. ನ್ಯಾಯವಾದ ಮಾತು.

ಯಾರನ್ನು ಕಳಿಸುವುದು? ಇವರ ಕಡೆಯವರೆಲ್ಲ ಅದೇ ಸೂತಕದಲ್ಲಿದ್ದಾರೆ. ನನ್ನ ಅಣ್ಣನ ಮನೆಯಲ್ಲಿ ಮದುವೆ ಓಡಾಟ. ಪ್ರಿಯಂವದಾಳ ಅಮ್ಮನಿಗೆ ನಿಜವಾದ ಮಂಡಿನೋವು. ಹೀಗೆ ಬೆರಳು ಮಡಚುತ್ತಾ ಜಗುಲಿಯಲ್ಲಿ ಕೂತಿದ್ದಾಗ ದೊಡ್ಡಮುನಿಯಮ್ಮ ಸೊಪ್ಪಿನ ಬುಟ್ಟಿ ಇಳಿಸಿದಳು. ಮಾರ್ಕೆಟ್ಟಿನಿಂದ ತಲೆಮೇಲೆ ಹೊತ್ತು ಇಪ್ಪತ್ತೆರಡು ವರ್ಷದಿಂದ ನಮ್ಮ ಬೀದಿಗೆ ಬರುತ್ತಾಳೆ. ನನ್ನಷ್ಟೇ ವಯಸ್ಸು, ನನಗಿಂತ ಜೋರು ಬಾಯಿ.

"ಏನ್ ಅಮ್ಮಾವ್ರೇ, ನಾಳೆ ಟೂರ್ ಓಗೋರ ಮೊಕ ಇಂಗೈತೆ?"

ಹೇಳಿದೆ. ನಾಲಿಗೆ ಲೊಚಗುಟ್ಟಿದಳು. ಆಮೇಲೆ ನನಗೇ ಗೊತ್ತಿಲ್ಲದೆ ಕೇಳಿಬಿಟ್ಟೆ, "ನೀನು ಸಮುದ್ರ ನೋಡಿದೀಯೇನೇ?"

"ನಾನೆಲ್ ನೋಡ್ಲಿ? ನಮ್ಮೂರ್ ಕೆರೆ ಕೋಡಿ ಬಿದ್ದಿದ್ದ ನೋಡಿವ್ನಿ."

ಒಳಗಿನಿಂದ ಇವರು ಬಂದು ನಿಂತಿದ್ದರು. ನನ್ನನ್ನೇ ನೋಡಿದರು, ನಾನು ತಲೆ ಆಡಿಸಿದೆ. "ದೊಡ್ಡಮುನಿಯಮ್ಮ, ಎರಡು ಸೀಟಿದೆ. ನೀನೂ ನಿನ್ನ ಮಗಳು ಪ್ರೇಮಲತಾನೂ ಹೋಗ್ಬನ್ನಿ" ಅಂದರು.

ಅವಳು ನಂಬಲಿಲ್ಲ. ಸೊಪ್ಪು ಯಾರು ಮಾರುತ್ತಾರೆ ಅಂದಳು. ಎಂಟು ದಿನ ಬಸವನಗುಡಿ ಸೊಪ್ಪಿಲ್ಲದೆ ಬದುಕುತ್ತದೆ ಅಂತ ಇವರು ಹೆಡ್‌ಮಾಸ್ಟರ್ ದನಿಯಲ್ಲಿ ಹೇಳಿದರು. ನಿಮ್ಮ ಸೂತಕ ನಮಗೆ ಅಂಟಲ್ವಾ ಅಂದಳು. ಅಂಟಲ್ಲ. ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ಕಿಟಕಿ ಸೀಟು ಯಾವ್ದು?"

"ಹದಿಮೂರು."

"ಅದು ನಂದು. ಪ್ರೇಮಾ ಈ ಕಡೆ ಕೂರ್ಲಿ."

ಹೊಟ್ಟೆಕಿಚ್ಚಾಯಿತು. ಇಲ್ಲ ಅಂತ ಬರೆದರೆ ಸುಳ್ಳು. ಆದರೂ ಚಕ್ಕುಲಿ ಡಬ್ಬ ಎರಡನ್ನೂ ಇಳಿಸಿ ಕೊಟ್ಟೆ. ಸೋಮವಾರ ಕರಿದದ್ದು, ಸೂತಕಕ್ಕಿಂತ ಮುಂಚಿನದು. ಹೊಸ ಫ್ಲಾಸ್ಕೂ ಕೊಟ್ಟೆ. "ಸರಿಯಾಗಿ ನೋಡ್ಕೊಂಡು ಬಂದು ಹೇಳ್ಬೇಕು. ನಿನ್ನ ಮಸಾಲೆ ಸೇರಿಸ್ಬೇಡ" ಅಂದೆ.

೨೦, ಶನಿವಾರ

ನಾಲ್ಕಕ್ಕೇ ಎಚ್ಚರ. ಐದಾಯಿತು. ಐದೂಕಾಲು. ಬಸ್ಸು ಹೊರಟಿರಬೇಕು.

ಅಡುಗೆಮನೆಯಲ್ಲಿ ಸದ್ದು. ಇವರು ಕಾಫಿ ಮಾಡುತ್ತಿದ್ದರು. ಮದುವೆಯಾದ ಮೇಲೆ ಇದೇ ಮೊದಲು. ಹಾಲು ಉಕ್ಕಿ ಒಲೆ ತುಂಬಾ ಹರಿದಿತ್ತು, ಡಿಕಾಕ್ಷನ್ ನೀರು ನೀರು. ಎರಡು ಲೋಟ ಕುಡಿದೆ.

೨೧, ಭಾನುವಾರ. ಸಂಜೆ

ಬೆಳಿಗ್ಗೆ ಆರಕ್ಕೆ ಎದ್ದು ಸುಮ್ಮನೆ ಕೂತೆ. ದೀಪ ಇಲ್ಲ, ನೈವೇದ್ಯ ಇಲ್ಲ, ಮಡಿ ಇಲ್ಲ, ಬರುವವರಿಲ್ಲ. ಕೈಗೆ ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ. ಇಷ್ಟು ಪುರುಸೊತ್ತು ನನಗೆ ಯಾವತ್ತಿದ್ದದ್ದು... ಹೆರಿಗೆಯಲ್ಲೂ ಇರಲಿಲ್ಲ.

"ನಡಿ, ಎಲ್ಲಾದ್ರೂ ಹೋಗೋಣ" ಅಂದರು.

"ಎಲ್ಲಿಗೆ?"

ಅಲ್ಲಿಗೆ ಇಬ್ಬರೂ ಸಿಕ್ಕಿಕೊಂಡೆವು. ದೇವಸ್ಥಾನ ಆಗದು. ನೆಂಟರ ಮನೆ ಆಗದು. ಮದುವೆ, ನಾಮಕರಣ, ಹರಿಕಥೆ ಆಗದು. ಇವಿಷ್ಟು ಬಿಟ್ಟರೆ ನಾವಿಬ್ಬರೂ ಜೊತೆಯಾಗಿ ಎಲ್ಲಿಗೂ ಹೋದವರೇ ಅಲ್ಲ. ನಲವತ್ನಾಲ್ಕು ವರ್ಷ ಇದೇ ಊರು. ನಾಚಿಕೆಯಾಯಿತು.

ಎನ್.ಆರ್. ಕಾಲೋನಿಯ ಸ್ಟಾಪಿನಲ್ಲಿ ನಿಂತು ಮೊದಲು ಬಂದ ಬಸ್ಸು ಹತ್ತಿದೆವು. ಮತ್ತಿಕೆರೆ ಬೋರ್ಡು. ನನಗೆ ಮುಂದೆ ಹೆಂಗಸರ ಸೀಟು, ಇವರು ಹಿಂದೆ ನಿಂತರು. ಮೆಜೆಸ್ಟಿಕ್ ದಾಟುವವರೆಗೆ ನಾನು ತಿರುಗಿ ತಿರುಗಿ ನೋಡಿದೆ, ಇವರು ಪ್ರತಿ ಸಲ ಕೈ ಎತ್ತಿ ಇದೀನಿ ಅಂತ ತೋರಿಸಿದರು. ಪಕ್ಕದ ಹುಡುಗಿ ಹೊಸದಾಗಿ ಮದುವೆಯಾದವರನ್ನು ನೋಡಿದ ಹಾಗೆ ನಕ್ಕಳು. ಮಲ್ಲೇಶ್ವರದಲ್ಲಿ ಬಸ್ಸು ಖಾಲಿಯಾಯಿತು. ಇವರು ಬಂದು ಪಕ್ಕದಲ್ಲಿ ಕೂತರು. ಕಿಟಕಿ ನನಗೆ ಬಿಟ್ಟರು.

ಕೊನೇ ಸ್ಟಾಪಿನ ಹೋಟೆಲಿನಲ್ಲಿ ಮಸಾಲೆ ದೋಸೆ ವಾಸನೆ. ಸೂತಕದಲ್ಲಿ ತಿನ್ನಬಹುದೇ ಅಂತ ಕೇಳಿದೆ. "ಯಾರನ್ನ ಕೇಳೋದು? ಪುರೋಹಿತರ ಮನೆಗೂ ಹೋಗೋ ಹಾಗಿಲ್ಲ" ಅಂದರು. ತಿಂದೆವು.

೨೩, ಮಂಗಳವಾರ

ಕಬ್ಬನ್ ಪಾರ್ಕಿನ ಹತ್ತಿರ ಅಕ್ವೇರಿಯಂ. ಎಲ್ಲಿಗೆ ಅಂತ ಹೇಳದೆ ಕರೆದುಕೊಂಡು ಹೋದರು. ಟಿಕೆಟ್ ಕೈಯಲ್ಲಿಟ್ಟು, "ಸಮುದ್ರ ತೋರ್ಸೋಕಾಗ್ಲಿಲ್ಲ. ಅದ್ರಲ್ಲಿರೋರನ್ನಾದ್ರೂ ನೋಡು" ಅಂದರು.

ಒಂದೊಂದು ಗಾಜಿನ ಮುಂದೆಯೂ ನಿಂತು ಬೋರ್ಡು ಜೋರಾಗಿ ಓದಿದರು, ಕ್ಲಾಸಿನಲ್ಲಿ ಪಾಠ ಮಾಡಿದ ಹಾಗೆ. ಹಿಂದೆ ಯಾರೋ ಸ್ಕೂಲ್ ಮಕ್ಕಳು ಸೇರಿಕೊಂಡರು. ಒಂದು ಚಪ್ಪಟೆ ಮೀನು ಬಾಯಿ ತೆರೆದು ಮುಚ್ಚಿ ಇವರನ್ನೇ ನೋಡುತ್ತಿತ್ತು. ಗಂಗಾಧರಯ್ಯನವರ ಮುಖ ನೆನಪಾಯಿತು, ತುಪ್ಪ ಕೇಳುವಾಗ ಹೀಗೇ ಇತ್ತು. ಹೇಳಿದೆ. ಇವರು ಎಷ್ಟು ನಕ್ಕರೆಂದರೆ ಕಾವಲಿನವನು ಬಂದು ನೋಡಿ ಹೋದ.

ಆಮೇಲೆ ಪಾರ್ಕಿನ ಬೆಂಚಿನ ಮೇಲೆ ಕೂತು ಕಡಲೆಕಾಯಿ. ಕೇಳಿದೆ, ಯಾಕೆ ಬಚ್ಚಿಟ್ಟಿರಿ, ಒಂದು ಸಂಧ್ಯಾವಂದನೆ ತಪ್ಪಿಸಿದವರಲ್ಲ ನೀವು, ಅಂತ.

ಸಿಪ್ಪೆ ಬಿಡಿಸುತ್ತಲೇ ಹೇಳಿದರು. "ನಲವತ್ನಾಲ್ಕು ವರ್ಷ ಬೇಸಿಗೆ ರಜಕ್ಕೆ ಅಂದೆ. ನೀನು ಒಂದು ದಿನವೂ ಜಗಳ ಆಡ್ಲಿಲ್ಲ. ಆಡಿದ್ರೆ ಯಾವತ್ತೋ ಕರ್ಕೊಂಡು ಹೋಗಿರ್ತಿದ್ದೆ. ಈಗ್ಲೂ ಆಗಲ್ಲ ಅಂತ ನಿನ್ನ ಮುಂದೆ ನಿಂತು ಹೇಳೋಕೆ ನಂಗೆ ಧೈರ್ಯ ಇರ್ಲಿಲ್ಲ ಕಣೇ."

ಬಿಡಿಸಿದ ಕಾಳೆಲ್ಲ ನನ್ನ ಕೈಗೇ ಹಾಕಿದ್ದರು. ಸಂತೋಷವಾಯಿತು, ಬಹಳ ಸಂತೋಷವಾಯಿತು. ಅರ್ಧ ವಾಪಸ್ ಕೊಟ್ಟೆ.

೨೬, ಶುಕ್ರವಾರ

ತಲೆಗೆ ಸ್ನಾನ. ಇವರು ಹೊಸ ಜನಿವಾರ ಹಾಕಿಕೊಂಡರು. ದೀಪ ಹಚ್ಚಿದೆ. ಹತ್ತು ದಿನದ ಮೇಲೆ ದೇವರ ಮುಖ ನೋಡಿ ಕಣ್ಣು ತುಂಬಿತು. ಮಂಡಿನೋವಿಗೆ ತಪ್ಪು ಕಾಣಿಕೆ ಹಾಕಿದೆ. ಇವರು ಸೊಂಟದ್ದು ಬೇರೆ ಹಾಕಿದರು.

ಸಂಜೆ ಲಾಲ್‌ಬಾಗ್ ಫ್ಲವರ್ ಶೋ. ಜನವೋ ಜನ. ಪಕ್ಕದ ಬೀದಿಯವರು ಸಿಕ್ಕಿ, "ಅಯ್ಯೋ, ಪ್ರವಾಸಕ್ಕೆ ಹೋಗ್ಲಿಲ್ವೇ?" ಅಂದರು. "ಹೋಗಿದ್ವಲ್ಲ, ಈಗ ತಾನೇ ಮುಗೀತು" ಅಂದುಬಿಟ್ಟರು ಇವರು. ಸುಳ್ಳು ಅಭ್ಯಾಸವಾದ ಹಾಗಿದೆ.

೨೯, ಸೋಮವಾರ

ದೊಡ್ಡಮುನಿಯಮ್ಮ ಬಂದಳು. ಕಪ್ಪಗಾಗಿದ್ದಾಳೆ. ಬುಟ್ಟಿ ಇಳಿಸಿದವಳು ಮೊದಲು ನಕ್ಕಳು, ಆಮೇಲೆ ಮಾತು.

ಬಸ್ಸಿನವರ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರು ತಿದ್ದಿರಲಿಲ್ಲವಂತೆ. "ಎಂಟು ದಿನಾನೂ ನನ್ನ ತುಳಸಮ್ನೋರೇ ಬನ್ನಿ, ತುಳಸಮ್ನೋರೇ ಊಟ ಮಾಡಿ ಅಂದ್ರು. ನಾನೂ ಊಂ ಅಂದೆ. ಪ್ರೇಮಾನ ದೊರೆಸ್ವಾಮಿ ಮೇಷ್ಟ್ರು ಅನ್ನಕ್ಕಾಯ್ತದಾ? ಅವಳ್ಗೆ ಮೇಷ್ಟ್ರಮ್ಮ ಅಂದ್ರು."

ಅಂದರೆ ಪಟ್ಟಿಯ ಪ್ರಕಾರ ತುಳಸಮ್ಮ ಸಮುದ್ರ ನೋಡಿ ಆಯಿತು.

"ಹೇಗಿತ್ತು ಹೇಳು" ಅಂದೆ.

ಬಾಯಿ ತೆರೆದಳು. ಮುಚ್ಚಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ಮಾತು ಸಿಗದೆ ಹೋದದ್ದು ನಾನು ಕಂಡಿರಲಿಲ್ಲ. "ಮಾರ್ಕೆಟ್ಟು ಬೆಳಗಿನ ಜಾವ ಇರ್ತದಲ್ಲ, ಇನ್ನೂ ಒಳಕ್ ಓಗಿರಲ್ಲ, ದೂರ್ದಿಂದ್ಲೇ ಗೌ ಅಂತ ಕೇಳ್ತದೆ... ಅಂಗೆ ಸದ್ದು. ಮಾರ್ಕೆಟ್ಟಾದ್ರೆ ಅತ್ತ್ ಗಂಟ್ಗೆ ಸುಮ್ಕಾಯ್ತದೆ. ಅದು ಸುಮ್ಕಾಗಲ್ಲ." ಮತ್ತೆ ತಡೆದಳು. "ನಂಗ್ ಯೋಳಕ್ ಬರಾಕಿಲ್ಲ ಅಮ್ಮಾವ್ರೇ. ನಿಮ್ ಎಸ್ರಲ್ಲಿ ನಾನ್ ನಿಂತಿದ್ದೆ, ನೀವಿರ್ಬೇಕಿತ್ತು ಅಂತ್ಲೇ ಅನ್ನುಸ್ತಿತ್ತು. ನೀವೇ ಓಗ್ಬೇಕು."

ಖಾಲಿ ಡಬ್ಬದಲ್ಲಿ ಒಂದು ಹಿಡಿ ಪುಟ್ಟ ಪುಟ್ಟ ಕಪ್ಪೆಚಿಪ್ಪು ಹಾಕಿ ತಂದಿದ್ದಳು. ಮೂರು ಕಟ್ಟು ದಂಟಿನ ಸೊಪ್ಪನ್ನು ಜಗುಲಿಯ ಮೇಲಿಟ್ಟು ಎದ್ದು ಹೋದಳು.

ಇವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಜಗಳ ಆಡಿದ್ರೆ ಕರ್ಕೊಂಡು ಹೋಗಿರ್ತಿದ್ದೆ ಅಂದಿದ್ದರಲ್ಲ. ಸರಿ. ಊಟ ಬಡಿಸಿ ಎದುರಿಗೆ ಕೂತು ಜಗಳ ಆಡಿದೆ. ಚೆನ್ನಾಗಿ ಆಡಿದೆ.

೧ ಮಾರ್ಚ್, ಶುಕ್ರವಾರ. ಬಸ್‌ಸ್ಟ್ಯಾಂಡಿನಲ್ಲಿ

ಒಂದು ತಿಂಗಳು ಬರೆದಿಲ್ಲ. ಅಣ್ಣನ ಮನೆ ಮದುವೆ, ಶಿವರಾತ್ರಿ, ಹಪ್ಪಳ.

ಮುಂಗಡ ಬುಕ್ ಮಾಡಲಿಲ್ಲ, ಯಾರಿಗೂ ಹೇಳಲಿಲ್ಲ, ಚಕ್ಕುಲಿ ಕರಿಯಲಿಲ್ಲ. ಮಧ್ಯಾಹ್ನ ಎರಡಕ್ಕೆ ಇವರು ಪಂಚಾಂಗ ಮಡಚಿಟ್ಟು, "ಸೀರೆ ಎರಡು ಸಾಕು, ಹೊರಡು" ಅಂದರು. ಭಟ್ಕಳದ ಬಸ್ಸು. ಉಡುಪಿ ದಾಟಿದ ಮೇಲೆ ಒಂದು ಕಡೆ ರಸ್ತೆ ಸಮುದ್ರದ ಪಕ್ಕದಲ್ಲೇ ಹೋಗುತ್ತದಂತೆ.

ಪ್ರಿಯಂವದಾಗೆ ಕಟ್ಟುನಿಟ್ಟಾಗಿ ಹೇಳಿದ್ದೇವೆ — ಯಾರದೇ ಸುದ್ದಿ ಬಂದರೂ ಬುಧವಾರದವರೆಗೆ ಅವಳ ಹೊಟ್ಟೆಯಲ್ಲೇ ಇರಬೇಕು. ಕಾಯಿ ಒಡೆದು, ಗೇಟು ಹಾಕುವಾಗ ಒಳಗೆ ಫೋನು ಬಡಿಯಿತು. ಇಬ್ಬರೂ ನಿಂತೆವು. ಇವರು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡರು. ನಾನು ಆಟೋ ಕರೆದೆ.

೨ ಮಾರ್ಚ್, ಶನಿ

ಅಕ್ಷರ ಕುಣಿಯುತ್ತಿದೆ, ಬಸ್ಸು ನಿಂತಿಲ್ಲ. ಏಳು ಗಂಟೆ ಇರಬೇಕು. ಕುಂದಾಪುರ ಬಿಟ್ಟಾಯಿತು ಅಂದ ಕಂಡಕ್ಟರ್. ಇವರು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ, ಬಾಯಿ ಸ್ವಲ್ಪ ತೆರೆದಿದೆ. ಗಾಳಿ ಬೇರೆ ಥರ ಇದೆ. ಉಪ್ಪುಪ್ಪು. ಎಡಗಡೆ ತೆಂಗಿನ ಮರಗಳ ಸಂದಿಯಲ್ಲಿ ಏನೋ ಬೆಳ್ಳಗೆ... ಸದ್ದು. ಗೌ ಅಂತ. ದೊಡ್ಡಮುನಿಯಮ್ಮ ಒಂದು ಚೂರೂ ಸುಳ್ಳು ಸೇರಿಸಿರಲಿಲ್ಲ.

ಮರ ಮುಗಿಯುತ್ತಾ ಬಂತು. ಒಬ್ಬಳೇ ಮೊದಲು ನೋಡಿಬಿಡೋಣ ಅಂತ ಒಂದು ಕ್ಷಣ ಅನ್ನಿಸಿತು. ಬೇಡ. ಸಾಕು ಬಚ್ಚಿಟ್ಟದ್ದು. ಏನೂಂದ್ರೆ, ಏಳಿ